ಪಟ್ಟಣದ ಮಾಳಿಗೆಯಿಂದ ಉಲ್ಕಾವೃಷ್ಟಿಯನ್ನು ನೋಡುವ ಬಗೆ

ಕೆಲವು ವರ್ಷಗಳ ಕೆಳಗೆ, ಡಿಸೆಂಬರ್ ತಿಂಗಳ ೧೪ನೆಯ ತಾರೀಖಿನ ಬೆಳಿಗ್ಗೆ, ಮೊದಲನೆಯ ಗಂಟೆ ಬಾರಿಸುವುದಕ್ಕೆ ಮುಂಚೆಯೇ, ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಉಪಾಧ್ಯಾಯಿನಿಯರ ಕೊಠಡಿಯ ಬಾಗಿಲಲ್ಲಿ ನನಗಾಗಿ ಕಾದು ನಿಂತಿದ್ದಳು. ಅವಳ ಮುಖ ಬಾಡಿತ್ತು. ಕಣ್ಣುಗಳಲ್ಲಿ ನಿದ್ದೆಗೇಡು ತೋರುತ್ತಿತ್ತು. "ಟೀಚರ್, ಗಂಟೆಗೆ ನೂರೈವತ್ತು ಉಲ್ಕೆಗಳು ಬೀಳುತ್ತವೆಂದು ಪತ್ರಿಕೆಯಲ್ಲಿ ಬರೆದಿದ್ದರು. ನಿನ್ನೆ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ನಾನು ಮಾಳಿಗೆಯ ಮೇಲೆಯೇ ಕುಳಿತಿದ್ದೆ. ಬರೀ ನಾಲ್ಕು ಕಂಡವು. ಅಣ್ಣ ನಗುತ್ತಾನೆ. ನನ್ನ ಕಣ್ಣಿನಲ್ಲಿ ದೋಷವೇನಾದರೂ ಇದೆಯೇ?" ಎಂದು ಕೇಳಿದಳು.

"ಪಟ್ಟಣದಲ್ಲಿ ಹಾಗೆಯೇ, ಮಗು" ಎಂದು ಹೇಳಿ ನಾನು ತರಗತಿಗೆ ಹೊರಟುಹೋದೆನು. ಅದು ಉತ್ತರವಲ್ಲವೆಂಬುದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಅವಳಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ಈ ಸ್ಮರಣ ಸಂಚಿಕೆಯ ಮೂಲಕ ಈಗ ಸಲ್ಲಿಸುತ್ತಿದ್ದೇನೆ. ಇದನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಇಂಥ ಪ್ರಶ್ನೆ ಅವರ ಮನೆಗಳಲ್ಲಿಯೂ ಏಳಬಹುದಾದುದರಿಂದ ಈ ಲೇಖನವು ಅವರಿಗೂ ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ.

ಮೊದಲು ಉಲ್ಕೆಯೆಂದರೆ ಏನೆಂಬುದನ್ನು ನೋಡೋಣ. ಜನರು ಅದನ್ನು ಬೀಳುವ ನಕ್ಷತ್ರವೆಂದು ಕರೆಯುವುದುಂಟು. ಆದರೆ ಯಾವ ನಕ್ಷತ್ರವೂ ಬೀಳುವುದಿಲ್ಲ. ನಕ್ಷತ್ರಗಳು ನಮ್ಮ ಸೂರ್ಯನಂತೆ ಮಹಾ ತೇಜೋಗೋಳಗಳು. ಉಲ್ಕೆಯಾದರೋ ಸಾಮಾನ್ಯವಾಗಿ ಮರಳಿನ ಕಣಕ್ಕಿಂತಲೂ ಬಟಾಣಿಯ ಕಾಳಿಗಿಂತಲೂ ದೊಡ್ಡದಲ್ಲದ ಒಂದು ಧೂಳಿನ ಚೂರು. ಆ ಚೂರು ಸೆಕೆಂಡಿಗೆ ಹತ್ತಾರು ಕಿಲೋಮೀಟರುಗಳ ವೇಗದಿಂದ ನಮ್ಮ ವಾಯುಮಂಡಲವನ್ನು ಹೊಕ್ಕಾಗ ಅದರ ಮುಂದಿರುವ ಗಾಳಿಯು ಅತ್ಯಂತ ಬಿಸಿಯಾಗುತ್ತದೆ. ಚೂರು ಆವಿಯಾಗಿ ಹೋಗುತ್ತದೆ. ಆ ಆವಿಯೂ ಸುತ್ತಲಿನ ಗಾಳಿಯೂ ಕ್ಷಣಮಾತ್ರ ಹೊಳೆಯುತ್ತವೆ. ಆ ಹೊಳಪೇ ನಾವು ಕಾಣುವ ಬೆಳಕಿನ ಗೆರೆ. ಇದೆಲ್ಲವೂ ನಮ್ಮ ತಲೆಯ ಮೇಲೆ ಸುಮಾರು ೮೦ರಿಂದ ೧೧೦ ಕಿಲೋಮೀಟರ್ ಎತ್ತರದಲ್ಲಿ ನಡೆಯುತ್ತದೆ. ಈ ಎತ್ತರವನ್ನು ಮೊಟ್ಟಮೊದಲು ಅಳೆದವರು ದೊಡ್ಡ ಪಂಡಿತರಲ್ಲ. ೧೭೯೮ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದ ವಿದ್ಯಾರ್ಥಿಗಳಾದ ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಎಂಬವರು ಒಬ್ಬರಿಗೊಬ್ಬರು ಕೆಲವು ಮೈಲಿ ದೂರದಲ್ಲಿ ಕುಳಿತು, ಒಂದೇ ಉಲ್ಕೆಯು ತಮ್ಮ ತಮ್ಮ ನೆಲೆಯಿಂದ ಯಾವ ನಕ್ಷತ್ರಗಳ ನಡುವೆ ಹಾಯ್ದಿತೆಂದು ಗುರುತು ಹಾಕಿಕೊಂಡು, ತ್ರಿಕೋನದ ಲೆಕ್ಕದಿಂದ ಅದನ್ನು ಕಂಡುಹಿಡಿದರು. ಹೈಸ್ಕೂಲಿನ ರೇಖಾಗಣಿತವು ಯಾವ ಉಪಯೋಗಕ್ಕೆ ಬರುತ್ತದೆಂದು ಕೇಳುವ ಮಕ್ಕಳಿಗೆ ಈ ಸಂಗತಿಯನ್ನು ಹೇಳತಕ್ಕದ್ದು.

ನಮ್ಮ ದೇಶದಲ್ಲಿಯೂ ಪೂರ್ವಿಕರು ಉಲ್ಕೆಗಳನ್ನು ಗಮನವಿಟ್ಟು ನೋಡಿದ್ದರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಅವುಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅವುಗಳನ್ನು ಐದು ಬಗೆಯಾಗಿ ವಿಂಗಡಿಸಿದನು. ಆದರೆ ಆ ಕಾಲದಲ್ಲಿ ಅವುಗಳನ್ನು ಶುಭಾಶುಭಗಳ ಸೂಚನೆಯೆಂದು ಎಣಿಸುತ್ತಿದ್ದರು. ಉಲ್ಕೆಯು ಯಾರಿಗೂ ಕೇಡನ್ನು ತರುವುದಿಲ್ಲ, ಭಾಗ್ಯವನ್ನೂ ತರುವುದಿಲ್ಲ. ಅದನ್ನು ಕಂಡು ಮಕ್ಕಳು ಹೆದರಬೇಕಾದ ಕಾರಣವೇ ಇಲ್ಲ.

ಯಾವ ರಾತ್ರಿಯಲ್ಲಾದರೂ ಕತ್ತಲೆಯ ಸ್ಥಳದಲ್ಲಿ ಕುಳಿತರೆ ಗಂಟೆಗೆ ಕೆಲವು ಉಲ್ಕೆಗಳು ಕಂಡೇ ಕಾಣುತ್ತವೆ. ಆದರೆ ವರ್ಷದ ಕೆಲವು ಗೊತ್ತಾದ ರಾತ್ರಿಗಳಲ್ಲಿ ಅವು ಗುಂಪುಗುಂಪಾಗಿ ಬರುತ್ತವೆ. ಇದಕ್ಕೆ ಉಲ್ಕಾವೃಷ್ಟಿಯೆಂದು ಹೆಸರು. ಧೂಮಕೇತುಗಳು ಸೂರ್ಯನನ್ನು ಸುತ್ತುವಾಗ ತಮ್ಮ ದಾರಿಯುದ್ದಕ್ಕೂ ಧೂಳನ್ನು ಚೆಲ್ಲುತ್ತಾ ಹೋಗುತ್ತವೆ. ಸುಗ್ಗಿಯ ಕಾಲದಲ್ಲಿ ತುಂಬಿದ ಗಾಡಿಯು ಹೋದ ದಾರಿಯಲ್ಲಿ ಹುಲ್ಲೂ ಕಾಳೂ ಚೆಲ್ಲಿರುವುದನ್ನು ನೀವು ನೋಡಿರಬಹುದು, ಇದೂ ಹಾಗೆಯೇ. ನಮ್ಮ ಭೂಮಿಯು ಪ್ರತಿ ವರ್ಷವೂ ಒಂದೇ ತಾರೀಖಿನ ಸುಮಾರಿಗೆ ಆ ದಾರಿಯನ್ನು ಅಡ್ಡಹಾಯುವುದರಿಂದ ವೃಷ್ಟಿಯೂ ಪ್ರತಿ ವರ್ಷ ಅದೇ ತಾರೀಖಿನ ಸುಮಾರಿಗೆ ಆಗುತ್ತದೆ.

ಒಂದು ವೃಷ್ಟಿಯ ಉಲ್ಕೆಗಳೆಲ್ಲವೂ ಆಕಾಶದ ಒಂದೇ ಬಿಂದುವಿನಿಂದ ಹೊರಟು ನಾಲ್ಕು ಕಡೆಗೂ ಚೆದರಿದಂತೆ ತೋರುವುದು ಇನ್ನೊಂದು ವಿಶೇಷ. ವಾಸ್ತವವಾಗಿ ಅವು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ರೈಲು ದಾರಿಯ ಮೇಲಿನ ಸೇತುವೆಯಲ್ಲಿ ನಿಂತು ನೋಡಿದರೆ ದೂರದಲ್ಲಿ ಒಂದೇ ಬಿಂದುವಾಗಿ ಕೂಡಿದ ಕಂಬಿಗಳು ನಮ್ಮ ಕಡೆಗೆ ಬರುತ್ತಾ ಬರುತ್ತಾ ಅಗಲವಾದಂತೆ ಕಾಣುವುದಿಲ್ಲವೇ? ಇದೂ ಅಂಥ ದೃಷ್ಟಿಭ್ರಮೆಯೇ. ೧೮೩೩ನೆಯ ನವೆಂಬರ್ ೧೩ರ ಬೆಳಗಿನ ಜಾವದಲ್ಲಿ ಉತ್ತರ ಅಮೆರಿಕದ ಜನರು ಸಾವಿರಾರು ಉಲ್ಕೆಗಳನ್ನು ಒಮ್ಮೆಗೇ ಕಂಡು ಪ್ರಳಯವೇ ಬಂದಿತೆಂದು ನಡುಗಿದರು. ಆಗ ಯೇಲ್ ಕಾಲೇಜಿನ ಅಧ್ಯಾಪಕರಾದ ಡೆನಿಸನ್ ಆಮ್‌ಸ್ಟೆಡ್ ಎಂಬವರು, ಅವೆಲ್ಲವೂ ಸಿಂಹರಾಶಿಯ ಒಂದು ಬಿಂದುವಿನಿಂದ ಹೊರಟಂತೆ ತೋರಿದುದನ್ನು ಪರಿಶೀಲಿಸಿ, ಉಲ್ಕೆಗಳು ಮಿಂಚು ಗುಡುಗುಗಳಂತೆ ಗಾಳಿಯಲ್ಲಿ ಹುಟ್ಟಿದುವಲ್ಲ, ಭೂಮಿಯ ಹೊರಗಿನಿಂದ ಬಂದುವು ಎಂದು ತೋರಿಸಿಕೊಟ್ಟರು. ಆ ಬಿಂದುವು ಯಾವ ರಾಶಿಯಲ್ಲಿದೆಯೋ ಆ ರಾಶಿಯ ಹೆಸರಿನಿಂದಲೇ ವೃಷ್ಟಿಯನ್ನು ಕರೆಯುವುದು ರೂಢಿ.

ನಮ್ಮ ವಿದ್ಯಾರ್ಥಿನಿಯು ಕಾದು ಕುಳಿತಿದ್ದುದು ಮಿಥುನರಾಶಿಯ ವೃಷ್ಟಿಗಾಗಿ. ಅದರ ಮೂಲಬಿಂದುವು ಪುನರ್ವಸುವಿನ ಜೋಡಿ ನಕ್ಷತ್ರಗಳಲ್ಲಿ ಉತ್ತರದ ಕಡೆಯದಾದ ಕ್ಯಾಸ್ಟರಿನ ಹತ್ತಿರವಿದೆ. ಡಿಸೆಂಬರ್ ೧೩ ಮತ್ತು ೧೪ರ ನಡುವಣ ರಾತ್ರಿಯಲ್ಲಿ ಇದು ಪರಾಕಾಷ್ಠೆಗೆ ಬರುತ್ತದೆ. ಇದರ ಧೂಳನ್ನು ಚೆಲ್ಲಿದುದು ಫೇಥಾನ್ ಎಂಬ ಕ್ಷುದ್ರಗ್ರಹ. ಧೂಮಕೇತುವಿನಂತೆ ಇದು ಮಂಜುಗಡ್ಡೆಯ ಮುದ್ದೆಯಾಗಿರದೆ ಕಲ್ಲಿನ ಕಾಯವಾಗಿ ತೋರುವುದರಿಂದ, ಇಷ್ಟೊಂದು ಧೂಳು ಹೇಗೆ ಹೊರಟಿತೆಂಬುದು ವಿದ್ವಾಂಸರಿಗೆ ಇಂದಿಗೂ ಚರ್ಚೆಯ ವಿಷಯವಾಗಿದೆ. ೧೯೮೩ರಲ್ಲಿ ಆಕಾಶಕ್ಕೆ ಕಳುಹಿಸಿದ ದೂರದರ್ಶಕದ ಮೂಲಕ ಇದು ಗೊತ್ತಾಯಿತು. ಸುಮಾರು ೫ ಕಿಲೋಮೀಟರ್ ಅಗಲದ ಈ ಕಲ್ಲುಗುಂಡು ಒಂದೂವರೆ ವರ್ಷಕ್ಕೆ ಸ್ವಲ್ಪ ಕಡಿಮೆಯಾದ ಅವಧಿಯಲ್ಲಿ ಸೂರ್ಯನನ್ನು ಒಮ್ಮೆ ಸುತ್ತುತ್ತದೆ. ಬುಧಗ್ರಹಕ್ಕಿಂತಲೂ ಸೂರ್ಯನಿಗೆ ಹತ್ತಿರವಾಗಿ ಹೋಗಿ ಬರುತ್ತದೆ.

ಇನ್ನು ಅವಳ ಪ್ರಶ್ನೆಗೆ ಬರೋಣ. ಪತ್ರಿಕೆಯವರು ಸುಳ್ಳು ಬರೆದಿರಲಿಲ್ಲ. ಆದರೆ ಆ ನೂರೈವತ್ತು ಎಂಬ ಸಂಖ್ಯೆಗೆ ಕೆಲವು ಕರಾರುಗಳಿವೆ. ಅವುಗಳನ್ನು ಪತ್ರಿಕೆಯಲ್ಲಿ ಹೇಳುವುದು ಅಪರೂಪ. ಮೂಲಬಿಂದುವು ನೆತ್ತಿಯ ಮೇಲೆ ಸರಿಯಾಗಿ ಇರಬೇಕು. ಆಕಾಶವು ಯಾವ ಕಡೆಯಲ್ಲಿಯೂ ಮರೆಯಾಗಿರಬಾರದು. ಬರಿಗಣ್ಣಿಗೆ ಆರೂವರೆ ದರ್ಜೆಯ ನಕ್ಷತ್ರಗಳವರೆಗೆ ಕಾಣುವಷ್ಟು ಕತ್ತಲೆಯಿರಬೇಕು. ನಕ್ಷತ್ರಗಳನ್ನು ಅವುಗಳ ಪ್ರಕಾಶಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುತ್ತಾರೆ. ಪ್ರಕಾಶಮಾನವಾದುವು ಒಂದನೆಯ ದರ್ಜೆ. ಮಂದವಾದಂತೆಲ್ಲಾ ದರ್ಜೆಯ ಅಂಕಿ ಹೆಚ್ಚುತ್ತದೆ. ಕಾಡುಬೆಟ್ಟಗಳ ಕಾರ್ಗತ್ತಲೆಯಲ್ಲಿ ಒಳ್ಳೆಯ ಕಣ್ಣು ಆರೂವರೆಯವರೆಗೆ ನೋಡಬಲ್ಲದು. ದೊಡ್ಡ ಪಟ್ಟಣದ ನಡುವೆ ಮೂರೂವರೆಯವರೆಗೆ ಕಂಡರೆ ಅದೇ ಹೆಚ್ಚು.

ಹೀಗಾಗುವುದೇತಕ್ಕೆ? ನಮ್ಮ ಬೀದಿಯ, ಅಂಗಡಿಯ, ಜಾಹೀರಾತಿನ ದೀಪಗಳ ಬೆಳಕಿನಲ್ಲಿ ಒಂದು ಭಾಗವು ನೆಲವನ್ನು ಬೆಳಗದೆ ಮೇಲಕ್ಕೆ ಹೋಗುತ್ತದೆ. ಗಾಳಿಯ ಕಣಗಳೂ ಅದರಲ್ಲಿರುವ ಧೂಳು ಹೊಗೆಗಳೂ ಆ ಬೆಳಕನ್ನು ಚೆದರಿಸಿ ಮತ್ತೆ ಕೆಳಕ್ಕೆ ಕಳುಹಿಸುತ್ತವೆ. ಇದರಿಂದ ಆಕಾಶಕ್ಕೇ ಒಂದು ತೆಳುವಾದ ಬೆಳಕಿನ ತೆರೆ ಹಾಸಿದಂತಾಗುತ್ತದೆ. ಹಗಲಿನಲ್ಲಿ ಹಚ್ಚಿಟ್ಟ ಹಣತೆಯು ಆರಿಹೋಗಿರುವುದಿಲ್ಲ. ಸುತ್ತಲೂ ಬೆಳಕಿರುವುದರಿಂದ ಅದರ ಕಾಂತಿ ತೋರುವುದಿಲ್ಲ, ಅಷ್ಟೇ. ಮಂದ ನಕ್ಷತ್ರಗಳಿಗೂ ಮಂದ ಉಲ್ಕೆಗಳಿಗೂ ಪಟ್ಟಣದಲ್ಲಿ ಆಗುವುದು ಇದೇ.

ಉಲ್ಕೆಗಳಲ್ಲಿ ಮಂದವಾದುವೇ ಬಹಳ. ಸ್ಥೂಲವಾಗಿ ಹೇಳುವುದಾದರೆ, ನಾವು ಕಾಣಬಲ್ಲ ದರ್ಜೆಯಲ್ಲಿ ಒಂದು ಮೆಟ್ಟಲು ಇಳಿದರೆ ಕಾಣುವ ಉಲ್ಕೆಗಳ ಸಂಖ್ಯೆ ಎರಡೂವರೆ ಪಾಲಿನಲ್ಲಿ ಒಂದು ಪಾಲಾಗುತ್ತದೆ. ಈಗ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಡಿಸೆಂಬರ್ ೧೩ರ ರಾತ್ರಿ ಹತ್ತು ಗಂಟೆಗೆ ಪುನರ್ವಸುವು ಈಶಾನ್ಯ ದಿಕ್ಕಿನಲ್ಲಿ ಸುಮಾರು ೨೮ ಡಿಗ್ರಿ ಎತ್ತರದಲ್ಲಿರುತ್ತದೆ. ಮೂಲಬಿಂದುವು ಅಷ್ಟು ಕೆಳಗಿದ್ದಾಗ ಧೂಳಿನ ಪ್ರವಾಹವು ನಮ್ಮ ಮೇಲೆ ಓರೆಯಾಗಿ ಬೀಳುವುದರಿಂದ ಸಂಖ್ಯೆ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ನೂರೈವತ್ತು ಹೋಗಿ ಎಪ್ಪತ್ತೈದಾಯಿತು. ಆರೂವರೆಯಿಂದ ಮೂರೂವರೆಯ ದರ್ಜೆಗೆ ಮೂರು ಮೆಟ್ಟಲು ಇಳಿಯಬೇಕು. ಮೊದಲನೆಯ ಮೆಟ್ಟಲಿಗೆ ೭೫ ಹೋಗಿ ೩೦, ಎರಡನೆಯದಕ್ಕೆ ೧೨, ಮೂರನೆಯದಕ್ಕೆ ಸುಮಾರು ೫. ನೆರೆಮನೆಯ ಗೋಡೆಯೂ ತೆಂಗಿನ ಮರಗಳೂ ಆಕಾಶದ ಕಾಲುಭಾಗವನ್ನು ಮರೆಮಾಡಿದ್ದರೆ ಉಳಿಯುವುದು ನಾಲ್ಕು!

ಆ ಮಗುವಿನ ಕಣ್ಣಿನಲ್ಲಿ ದೋಷವಿರಲಿಲ್ಲ. ಅವಳು ಕಾಣಬೇಕಾದಷ್ಟನ್ನೇ ಕಂಡಿದ್ದಳು, ಕಂಡಷ್ಟನ್ನೇ ಹೇಳಿದ್ದಳು. ಅವಳ ನಾಲ್ಕು ಎಂಬ ಸಂಖ್ಯೆ ಪತ್ರಿಕೆಯ ನೂರೈವತ್ತಕ್ಕೆ ವಿರೋಧವಾದುದಲ್ಲ. ಆ ನೂರೈವತ್ತೇ ಪಟ್ಟಣದ ಬೆಳಕಿನಲ್ಲಿ ನಾಲ್ಕಾಗಿ ಇಳಿದು ಬಂದಿತ್ತು.

ಹಾಗಾದರೆ ಪಟ್ಟಣದವರು ಕೈಕಟ್ಟಿ ಕುಳಿತಿರಬೇಕೇ? ಖಂಡಿತವಾಗಿಯೂ ಇಲ್ಲ. ಪಟ್ಟಣದ ಬೆಳಕು ಮಂದವಾದ ಉಲ್ಕೆಗಳನ್ನು ನುಂಗುತ್ತದೆಯೇ ಹೊರತು ಪ್ರಕಾಶಮಾನವಾದುವುಗಳನ್ನು ನುಂಗಲಾರದು. ಅದಲ್ಲದೆ ಮಿಥುನದ ಉಲ್ಕೆಗಳು ಸೆಕೆಂಡಿಗೆ ಸುಮಾರು ೩೫ ಕಿಲೋಮೀಟರ್ ವೇಗದವು. ಉಲ್ಕೆಗಳ ಪೈಕಿ ಇದು ನಿಧಾನದ ನಡಿಗೆಯೇ ಸರಿ. ಸಿಂಹರಾಶಿಯ ಉಲ್ಕೆಗಳ ವೇಗವು ಇದರ ಇಮ್ಮಡಿ. ಆದ್ದರಿಂದ ಮಿಥುನದವು "ಅಗೋ ಅಲ್ಲಿ" ಎಂದು ಪಕ್ಕದವರಿಗೆ ತೋರಿಸುವುದಕ್ಕೂ ಕೆಲವೊಮ್ಮೆ ಅವಕಾಶ ಕೊಡುತ್ತವೆ.

ಮೊದಲನೆಯದಾಗಿ ಹೊತ್ತನ್ನು ಆರಿಸಿಕೊಳ್ಳಬೇಕು. ಡಿಸೆಂಬರ್ ೧೩ರಂದು ಮೂಲಬಿಂದುವು ಬೆಂಗಳೂರಿನಲ್ಲಿ ರಾತ್ರಿ ಎಂಟು ಗಂಟೆಗೆ ಸ್ವಲ್ಪ ಮುಂಚೆ ಹುಟ್ಟಿ, ಎರಡೂಕಾಲು ಗಂಟೆಯ ಸುಮಾರಿಗೆ ಸುಮಾರು ೭೦ ಡಿಗ್ರಿಯ ಎತ್ತರಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ಅದೇ ಮಾಳಿಗೆಯಿಂದ ಅದೇ ಹುಡುಗಿಯು ನೋಡಿದ್ದರೆ, ಮೇಲಿನ ಲೆಕ್ಕದಂತೆಯೇ ನಾಲ್ಕರ ಬದಲು ಏಳನ್ನು ಕಾಣುತ್ತಿದ್ದಳು. ಐದೂವರೆ ದರ್ಜೆಯವರೆಗೆ ಕಾಣುವ, ಮರೆಯಿಲ್ಲದ ಒಂದು ಹಳ್ಳಿಯ ಬಯಲಿನಲ್ಲಿದ್ದಿದ್ದರೆ ಐವತ್ತಕ್ಕೂ ಮೇಲೆ ಎಣಿಸುತ್ತಿದ್ದಳು. ಬೇರೆ ವೃಷ್ಟಿಗಳಿಗೂ ನಡುರಾತ್ರಿಯ ಅನಂತರದ ಹೊತ್ತೇ ಉತ್ತಮ. ಯಾಕಂದರೆ ಆಗ ನಾವು ಭೂಮಿಯು ಮುಂದಕ್ಕೆ ಸಾಗುತ್ತಿರುವ ಕಡೆಯ ಮುಖದಲ್ಲಿರುತ್ತೇವೆ. ಮಳೆಯಲ್ಲಿ ಓಡುವವನಿಗೆ ಬೆನ್ನಿಗಿಂತ ಎದೆಯೇ ಹೆಚ್ಚಾಗಿ ನೆನೆಯುವುದಲ್ಲವೇ?

ಎರಡನೆಯದಾಗಿ ಪಂಚಾಂಗವನ್ನು ನೋಡಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರನ ಬೆಳಕೇ ಬೀದಿದೀಪಗಳ ಕೆಲಸವನ್ನು ಮಾಡಿಬಿಡುತ್ತದೆ. ಶುಕ್ಲಪಕ್ಷದ ಅಷ್ಟಮಿಯವರೆಗಾದರೆ ಚಂದ್ರನು ನಡುರಾತ್ರಿಯ ಹೊತ್ತಿಗೆ ಮುಳುಗುವುದರಿಂದ ಆಮೇಲೆ ತೊಂದರೆಯಿಲ್ಲ.

ಮೂರನೆಯದಾಗಿ ಸ್ಥಳ. ಇಲ್ಲಿ ಎರಡು ಬಗೆಯ ಬೆಳಕನ್ನು ಬೇರ್ಪಡಿಸಿ ತಿಳಿಯಬೇಕು. ಆಕಾಶದಲ್ಲಿ ಹರಡಿರುವ ಬೆಳಕಿನಿಂದ ನಾವು ತಪ್ಪಿಸಿಕೊಳ್ಳಲಾರೆವು. ಆದರೆ ಬೀದಿದೀಪದಿಂದ ನೇರವಾಗಿ ಕಣ್ಣಿಗೆ ಬೀಳುವ ಬೆಳಕಿನಿಂದ ತಪ್ಪಿಸಿಕೊಳ್ಳಬಹುದು. ಮಾಳಿಗೆಯ ಮೇಲಿನ ನೀರಿನ ತೊಟ್ಟಿಯ ನೆರಳು, ಮೆಟ್ಟಲಿನ ಕೊಠಡಿಯ ಹಿಂಬದಿ, ಎತ್ತರವಾದ ಕೈಗೋಡೆಯ ಮರೆ, ಇವು ಯಾವುವೂ ಇಲ್ಲದಿದ್ದರೆ ಒಗೆದ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹರವಿದ ದಪ್ಪ ಜಮಖಾನೆ, ಇಷ್ಟೇ ಸಾಕು. ಒಂದು ದೀಪವೂ ನೇರವಾಗಿ ಕಣ್ಣಿಗೆ ಕಾಣದಂತೆ ಚಾಪೆ ಹಾಸಿ ಮಲಗಿಕೊಳ್ಳಿರಿ. ದಿಗಂತದ ಕಡೆ ಬೆಳಕಿನ ಮಬ್ಬು ಹೆಚ್ಚು. ಆದ್ದರಿಂದ ಪೇಟೆಗೆ ವಿಮುಖವಾಗಿ, ಆಕಾಶದ ಅರ್ಧಕ್ಕಿಂತ ಮೇಲಣ ಭಾಗದಲ್ಲಿ, ಎಲ್ಲಿ ಹೆಚ್ಚು ಕತ್ತಲೆಯೋ ಅಲ್ಲಿ ದೃಷ್ಟಿಯಿಡಿರಿ. ಮೂಲಬಿಂದುವನ್ನೇ ದಿಟ್ಟಿಸುವ ಅಗತ್ಯವಿಲ್ಲ. ಅದರ ಹತ್ತಿರ ಹುಟ್ಟುವ ಗೆರೆಗಳು ಗಿಡ್ಡವಾಗಿರುತ್ತವೆ, ಉದ್ದವಾದುವು ಅದರಿಂದ ದೂರದಲ್ಲಿ ಕಾಣುತ್ತವೆ. ದೂರದರ್ಶಕವೂ ದುರ್ಬೀನೂ ಬೇಡ. ಅವು ಆಕಾಶದ ಒಂದು ಚಿಕ್ಕ ತುಂಡನ್ನು ಮಾತ್ರವೇ ತೋರಿಸುತ್ತವೆ.

ನಾಲ್ಕನೆಯದಾಗಿ ಕಣ್ಣು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಚೆನ್ನಾಗಿ ಹದಗೊಳ್ಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷಗಳು ಬೇಕು; ಅದು ಕೆಡುವುದಕ್ಕೆ ಒಂದು ನಿಮಿಷ ಸಾಕು. ಹೊತ್ತು ನೋಡಲೆಂದು ಮೊಬೈಲ್ ಫೋನನ್ನು ತೆರೆದವಳು ಮತ್ತೆ ಮೊದಲಿನಿಂದ ಕಾಯಬೇಕು. ದೀಪವೇ ಬೇಕೆಂದರೆ ಟಾರ್ಚಿಗೆ ಕೆಂಪು ಗಾಜುಕಾಗದವನ್ನು ಸುತ್ತಿರಿ. ಮಂದವಾದ ಕೆಂಪು ಬೆಳಕು ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಡಿಸೆಂಬರಿನ ಚಳಿಗೆ ಕಂಬಳಿ ಅವಶ್ಯ.

ಐದನೆಯದಾಗಿ ಎಣಿಕೆ. ನೋಡುವುದು ವಿನೋದ, ಎಣಿಸಿ ಬರೆದಿಡುವುದು ವಿದ್ಯೆ. ಆದರೆ ಬರೆಯಲು ತಲೆ ಬಗ್ಗಿಸಿದ ಗಳಿಗೆಯಲ್ಲಿಯೇ ಒಳ್ಳೆಯ ಉಲ್ಕೆಯೊಂದು ಹಾದುಹೋಗುವುದುಂಟು. ಇದಕ್ಕೆ ನಾನು ಕಂಡುಕೊಂಡ ಉಪಾಯವಿದು: ಬಲಗಡೆ ಹುಣಿಸೆಬೀಜಗಳನ್ನೂ ಎಡಗಡೆ ಅವರೆಕಾಳುಗಳನ್ನೂ ಇಟ್ಟುಕೊಂಡು, ನಡುವೆ ಒಂದು ಬಟ್ಟಲನ್ನಿಡಬೇಕು. ಕಂಡ ಗೆರೆಯನ್ನು ಹಿಂದಕ್ಕೆ ಎಳೆದರೆ ಪುನರ್ವಸುವಿಗೆ ಮುಟ್ಟುವಂತಿದ್ದರೆ ಹುಣಿಸೆಬೀಜವೊಂದನ್ನೂ, ಬೇರೆ ಕಡೆಯದಾಗಿದ್ದರೆ ಅವರೆಕಾಳೊಂದನ್ನೂ ಬಟ್ಟಲಿಗೆ ಹಾಕಬೇಕು. ಕಣ್ಣು ಆಕಾಶವನ್ನು ಬಿಡಬೇಕಾಗಿಲ್ಲ. ಕಾಲುಗಂಟೆಗೊಮ್ಮೆ ಜೊತೆಯವರು ಬಟ್ಟಲನ್ನು ಬದಲಾಯಿಸಲಿ. ಬಟ್ಟಲು ಬರಿದಾಗಿದ್ದರೆ ಪುಸ್ತಕದಲ್ಲಿ ಸೊನ್ನೆಯನ್ನೇ ಬರೆಯಿರಿ. ಸೊನ್ನೆಯೂ ಒಂದು ಸಂಗತಿಯೇ.

ಎಣಿಕೆಯ ಜೊತೆಗೆ ಆಕಾಶದ ಸ್ಥಿತಿಯನ್ನೂ ಬರೆದರೆ ಮಾತ್ರ ಆ ಲೆಕ್ಕಕ್ಕೆ ಬೆಲೆ. ಅದಕ್ಕೆ ನಮ್ಮ ಕೃತ್ತಿಕೆಗಿಂತ ಒಳ್ಳೆಯ ಅಳತೆಗೋಲಿಲ್ಲ. ಡಿಸೆಂಬರ್ ನಡುವಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಅದು ನೆತ್ತಿಯ ಹತ್ತಿರವೇ ಇರುತ್ತದೆ. ನಮ್ಮ ಹಿರಿಯರು ಆ ಗೊಂಚಲಿನಲ್ಲಿ ಆರು ನಕ್ಷತ್ರಗಳನ್ನು ಎಣಿಸಿ ಷಣ್ಮುಖನ ಆರು ತಾಯಂದಿರೆಂದು ಕರೆದರು. ಆರೂ ಬಿಡಿಬಿಡಿಯಾಗಿ ಕಂಡರೆ ನಿಮ್ಮ ಆಕಾಶವು ನಾಲ್ಕೂಕಾಲು ದರ್ಜೆಗೆ ಕಡಿಮೆಯಿಲ್ಲ. ಮಬ್ಬಿನ ನಡುವೆ ಒಂದೋ ಎರಡೋ ಕಂಡರೆ ಮೂರೂವರೆಯ ಸುಮಾರು. ಒಂದೂ ಕಾಣದಿದ್ದರೆ ಅಲ್ಲಿ ಮೂರನೆಯ ದರ್ಜೆಗೂ ಕೊರತೆ. ಸರಾಸರಿ ಕಣ್ಣಿಗೆ ಈ ಅಳತೆ ಸಾಕು.

ಮಿಥುನದ ವೃಷ್ಟಿಯೊಂದೇ ಅಲ್ಲ, ವರ್ಷದಲ್ಲಿ ಬೇರೆಯವೂ ಇವೆ. ಆಗಸ್ಟ್ ೧೨-೧೩ರ ಪರ್ಸಿಯಸ್ ಪುಂಜದ ವೃಷ್ಟಿಯು ಯೂರೋಪಿನಲ್ಲಿ ಬಹು ಪ್ರಸಿದ್ಧವಾದುದು. ೧೮೬೨ರಲ್ಲಿ ಕಂಡುಬಂದು ೧೯೯೨ರಲ್ಲಿ ಮರಳಿದ ಸ್ವಿಫ್ಟ್-ಟಟಲ್ ಎಂಬ ಧೂಮಕೇತುವಿನ ಧೂಳು ಅದು. ನಮ್ಮಲ್ಲಿ ಆಗ ಮಳೆಗಾಲದ ಮೋಡ. ಮೂಲಬಿಂದುವೂ ಉತ್ತರಕ್ಕೆ ವಾಲಿರುವುದರಿಂದ ಬಹಳ ಎತ್ತರಕ್ಕೆ ಏರುವುದಿಲ್ಲ. ಮೇ ೫-೬ರ ಬೆಳಗಿನ ಜಾವದ ಕುಂಭರಾಶಿಯ ವೃಷ್ಟಿಯೂ ಅಕ್ಟೋಬರ್ ೨೧ರ ಸುಮಾರಿನ ಮಹಾವ್ಯಾಧ ಪುಂಜದ ವೃಷ್ಟಿಯೂ ಪ್ರಸಿದ್ಧವಾದ ಹ್ಯಾಲೀ ಧೂಮಕೇತುವಿನ ಧೂಳಿನಿಂದಾದುವು. ಅದು ೧೯೮೬ರಲ್ಲಿ ಬಂದುಹೋಯಿತು. ಮತ್ತೆ ಬರುವುದು ೨೦೬೧ರಲ್ಲಿ. ಅಷ್ಟು ಕಾಲ ಕಾಯಲಾರದ ಅಜ್ಜಿಯರು ಅದರ ಒಂದು ಚೂರನ್ನಾದರೂ ಮೇ ತಿಂಗಳ ರಜೆಯಲ್ಲಿ ಮೊಮ್ಮಕ್ಕಳೊಡನೆ ನೋಡಬಹುದು. ೧೮೩೩ರಲ್ಲಿ ಜನರನ್ನು ನಡುಗಿಸಿದ ಸಿಂಹರಾಶಿಯ ವೃಷ್ಟಿಯು ಸಾಧಾರಣ ವರ್ಷಗಳಲ್ಲಿ ನವೆಂಬರ್ ೧೭-೧೮ರಂದು ಅಲ್ಪವಾಗಿಯೇ ಇರುತ್ತದೆ.

ಇಲ್ಲಿ ತಂದೆತಾಯಿಗಳಿಗೆ ಒಂದು ವಿಜ್ಞಾಪನೆ. ಗಂಡುಮಕ್ಕಳು ರಾತ್ರಿ ಮಾಳಿಗೆಯ ಮೇಲಿದ್ದರೆ ಯಾರೂ ಕೇಳುವುದಿಲ್ಲ, ಹೆಣ್ಣುಮಗಳು ಹೊರಟರೆ "ಈ ಹೊತ್ತಿನಲ್ಲಿ ನಿನಗೇನು ಕೆಲಸ?" ಎಂಬ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಅಮೆರಿಕದ ನ್ಯಾಂಟಕೆಟ್ ದ್ವೀಪದಲ್ಲಿ ಮರಿಯಾ ಮಿಚೆಲ್ ಎಂಬಾಕೆಯನ್ನು ಆಕೆಯ ತಂದೆಯೇ ಬಾಲ್ಯದಿಂದಲೂ ಆಕಾಶವನ್ನು ನೋಡಲು ಜೊತೆಗೆ ಕರೆದೊಯ್ದು ಕಲಿಸಿದನು. ೧೮೪೭ನೆಯ ಅಕ್ಟೋಬರ್ ೧ರ ರಾತ್ರಿ ಆಕೆ ಮಾಳಿಗೆಯ ಮೇಲಿನಿಂದ ಒಂದು ಚಿಕ್ಕ ದೂರದರ್ಶಕದಲ್ಲಿ ಹೊಸ ಧೂಮಕೇತುವೊಂದನ್ನು ಕಂಡುಹಿಡಿದು, ಡೆನ್ಮಾರ್ಕಿನ ಅರಸನ ಚಿನ್ನದ ಪದಕವನ್ನು ಪಡೆದಳು. ಮುಂದೆ ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಅಧ್ಯಾಪಿಕೆಯಾಗಿ, ತನ್ನ ವಿದ್ಯಾರ್ಥಿನಿಯರನ್ನೂ ರಾತ್ರಿಯ ಆಕಾಶದ ಕೆಳಗೆ ನಿಲ್ಲಿಸಿ ಅವರೇ ನೋಡಿ ಅವರೇ ಎಣಿಸುವಂತೆ ಮಾಡಿದಳು. ಒಬ್ಬ ತಂದೆಯು ಮಗಳ ಜೊತೆಯಲ್ಲಿ ನಿದ್ದೆಗೆಟ್ಟದ್ದರ ಫಲವಿದು. ಮಗಳನ್ನು ಒಬ್ಬಳನ್ನೇ ಕಳುಹಿಸಬೇಡಿರಿ. ನೀವೂ ಜೊತೆಯಲ್ಲಿ ಹೋಗಿರಿ. ಆದರೆ ಹೋಗಬೇಡವೆನ್ನಬೇಡಿರಿ.

ಕೊನೆಯದಾಗಿ ಒಂದು ಮಾತು. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿಗೂ ಬಂದಿತು. ಬೀದಿಯಲ್ಲಿ ವಿದ್ಯುದ್ದೀಪವನ್ನು ಬಹು ಮುಂಚಿತವಾಗಿ ಕಂಡ ಊರು ನಮ್ಮದೆಂಬ ಹೆಮ್ಮೆ ನಮಗಿದೆ, ಇರತಕ್ಕದ್ದೇ. ರಾತ್ರಿ ಓದುವ ಹುಡುಗಿಗೂ ಕೆಲಸದಿಂದ ಹಿಂದಿರುಗುವ ಹೆಣ್ಣುಮಗಳಿಗೂ ದೀಪವೇ ಧೈರ್ಯ. ದೀಪ ಬೇಡವೆಂದು ಹೇಳುವವಳು ನಾನಲ್ಲ. ಆದರೆ ಆಕಾಶಕ್ಕೆ ಹಿಡಿದ ದೀಪದಿಂದ ಯಾರ ದಾರಿಯೂ ಬೆಳಗುವುದಿಲ್ಲ. ೨೦೧೧ರಿಂದ ೨೦೨೨ರವರೆಗೆ ನಾನಾ ದೇಶಗಳ, ಹೆಚ್ಚಾಗಿ ಯೂರೋಪು ಮತ್ತು ಉತ್ತರ ಅಮೆರಿಕಗಳ, ಐವತ್ತು ಸಾವಿರಕ್ಕೂ ಮಿಕ್ಕ ಸಾಮಾನ್ಯ ಜನರು ಬರಿಗಣ್ಣಿನಿಂದ ನೋಡಿ ಕಳುಹಿಸಿದ ವರದಿಗಳನ್ನು ೨೦೨೩ರಲ್ಲಿ ವಿದ್ವಾಂಸರು ಪ್ರಕಟಿಸಿದರು. ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ ಸುಮಾರು ಹತ್ತರಂತೆ ಏರುತ್ತಿದೆಯೆಂದು ಅದರಿಂದ ತಿಳಿಯಿತು. ಹಾಗೆ ಏರುತ್ತಾ ಹೋದರೆ, ೨೫೦ ನಕ್ಷತ್ರಗಳು ಕಾಣುವ ಊರಿನಲ್ಲಿ ಹುಟ್ಟಿದ ಮಗುವು ತನ್ನ ೧೮ನೆಯ ವಯಸ್ಸಿನಲ್ಲಿ ಅದೇ ಅಂಗಳದಲ್ಲಿ ನಿಂತು ನೂರನ್ನು ಮಾತ್ರ ಕಾಣುವುದು.

ಪರಿಹಾರವು ಕಷ್ಟವಾದುದಲ್ಲ. ದೀಪಕ್ಕೆ ಮೇಲುಗಡೆ ಮುಚ್ಚಳವಿರಲಿ. ಬೆಳಕು ನೆಲಕ್ಕೆ ಮಾತ್ರ ಬೀಳಲಿ. ಅಚ್ಚ ಬಿಳಿಯ ಎಲ್.ಇ.ಡಿ. ದೀಪದಲ್ಲಿರುವ ನೀಲಿ ಅಂಶವು ಗಾಳಿಯಲ್ಲಿ ಹೆಚ್ಚಾಗಿ ಚೆದರುವುದರಿಂದ ಹಳದಿ ಛಾಯೆಯ ದೀಪವೇ ಮೇಲು. ಬೇಡದ ಹೊತ್ತಿನಲ್ಲಿ ಆರಿಸಿರಿ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಪಟ್ಟಣದವರು ೧೯೫೮ರಲ್ಲಿಯೇ ಇದಕ್ಕಾಗಿ ಕಟ್ಟಳೆ ಮಾಡಲು ಆರಂಭಿಸಿದರು. ನಮ್ಮ ದೇಶದಲ್ಲಿಯೂ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು ೨೦೨೨ರಲ್ಲಿ ಕತ್ತಲೆಯ ಆಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಯ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನಲ್ಲಿಯೇ ಇರುವ ಭಾರತೀಯ ಖಭೌತ ಸಂಸ್ಥೆ. ಅಷ್ಟು ದೂರ ಹೋಗಲಾರದವರು ತಮ್ಮ ಮನೆಯ ಗೇಟಿನ ದೀಪಕ್ಕೆ ಒಂದು ತಗಡಿನ ಮುಚ್ಚಳವನ್ನು ಹಾಕಿಸಬಹುದು. ನಮ್ಮ ಶಾಲೆಯ ಅಂಗಳದ ದೀಪಗಳಿಗೂ ಅದನ್ನು ಮಾಡಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದವರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.

ಆ ನಾಲ್ಕು ಉಲ್ಕೆಗಳ ಹುಡುಗಿಯು ಈಗ ಶಾಲೆಯನ್ನು ಬಿಟ್ಟು ಹೋಗಿದ್ದಾಳೆ. ಎಲ್ಲಿದ್ದರೂ ಈ ಸಂಚಿಕೆಯು ಅವಳ ಕೈಗೆ ಸಿಕ್ಕಲಿ. ಮಗು, ನಿನ್ನ ಲೆಕ್ಕ ಸರಿಯಾಗಿತ್ತು. ಈ ಡಿಸೆಂಬರಿನಲ್ಲಿ ಮತ್ತೆ ಎಣಿಸು; ನಡುರಾತ್ರಿ ಕಳೆದ ಮೇಲೆ, ನೀರಿನ ತೊಟ್ಟಿಯ ನೆರಳಿನಲ್ಲಿ. ನಿನ್ನ ಅಣ್ಣನನ್ನೂ ಕರೆದುಕೊಂಡು ಹೋಗು. ಬಟ್ಟಲು ಬದಲಾಯಿಸುವುದಕ್ಕೆ ಒಬ್ಬರು ಬೇಕಾಗುತ್ತದೆ.